ಹದಿನಾರಕ್ಕೆ ತುಂಡಾದ ವಾಕ್ಯ

ಶಾಲೆಗಳ ತಂತ್ರಾಂಶಗಳನ್ನು ಒಂದಕ್ಕೊಂದು ಜೋಡಿಸುವ ಹೊಣೆ ಹೊತ್ತ ನಿರ್ದೇಶಕರೇ,

ಮಾನ್ಯರೇ ಎಂದು ಶುರುಮಾಡುವುದು ರೂಢಿ. ಈ ಸಲ ಕೈ ಏಳಲಿಲ್ಲ. ನಿಮ್ಮ ವ್ಯವಸ್ಥೆ ನಾನು ಬರೆದ ಒಂದು ವಾಕ್ಯದ ಬಾಲ ಕತ್ತರಿಸಿ, ಒಂಬತ್ತು ವರ್ಷದ ಹುಡುಗಿಯನ್ನು ಯಾರ ಕೈಗೆ ಕೊಡಬಾರದಿತ್ತೋ ಅವನ ಕೈಗೇ ಕೊಟ್ಟಿತು. ಅವಳು ನನ್ನ ತಂಗಿಯ ಮಗಳು. ಅಂದಿನಿಂದ ಇಪ್ಪತ್ತಾರು ದಿನವಾಯಿತು, ಅವಳು ಶಾಲೆಯ ಮೆಟ್ಟಿಲು ಹತ್ತಿಲ್ಲ. ಹತ್ತಲಾಗದಂತೆ ಮಾಡಿರುವವರೂ ನೀವೇ.

ತಂಗಿಯ ಗಂಡನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವನು ಮಗಳ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯದ ಆದೇಶವಿದೆ ಎಂದರೆ ಸಾಕು. ಆ ಆದೇಶ ಹಿಡಿದು ಮನೆ ಬದಲಿಸಿದೆವು, ಶಾಲೆಯನ್ನೂ ಬದಲಿಸಿದೆವು. ಹೊಸ ಶಾಲೆಯ ಕಚೇರಿಯಲ್ಲಿ ಗುಮಾಸ್ತೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, "ವಿಶೇಷ ಸೂಚನೆ ಅಂತ ಇದೆಯಲ್ಲ ಮೇಡಂ, ಅಲ್ಲಿ ನೀವೇ ಟೈಪ್ ಮಾಡ್ಬಿಡಿ. ನಾನು ಬರೆದ್ರೆ ನೂರೆಂಟು ತಪ್ಪಿರುತ್ತೆ" ಎಂದಳು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಒಳಗೊಳಗೇ ಉಬ್ಬಿ, "ತಂದೆಯ ಜೊತೆ ಕಳಿಸಿಕೊಡಬಾರದು" ಎಂದು ತಪ್ಪಿಲ್ಲದೆ ಬರೆದೆ.

ಪ್ರವೇಶದ ತಂತ್ರಾಂಶ ಬೇರೆ, ಗೇಟಿನ ತಂತ್ರಾಂಶ ಬೇರೆ. ಒಂದರಲ್ಲಿ ಬರೆದದ್ದನ್ನು ಇನ್ನೊಂದಕ್ಕೆ ಸುರಕ್ಷಿತವಾಗಿ ದಾಟಿಸುವುದೇ ನಿಮ್ಮ ಕಚೇರಿ ಎದೆಯುಬ್ಬಿಸಿ ಹೇಳಿಕೊಳ್ಳುವ ಕೆಲಸ. ಗೇಟಿನ ತಂತ್ರಾಂಶವೋ, ಸೂಚನೆಗೆಂದು ಹದಿನಾರೇ ಹದಿನಾರು ಮನೆ ಇಟ್ಟುಕೊಂಡಿದೆ. ಅಕ್ಷರಕ್ಕೊಂದು ಮನೆ, ಗುಡಿಸು, ಎತ್ವದಂಥ ಪ್ರತಿ ಚಿಹ್ನೆಗೊಂದು, ಸೊನ್ನೆಗೊಂದು, ಎರಡು ಪದಗಳ ನಡುವಿನ ಖಾಲಿ ಜಾಗಕ್ಕೂ ಒಂದು. ಪೆನ್ಸಿಲ್ ಹಿಡಿದು ಎಣಿಸಿ ನೋಡಿದೆ. ಹದಿನಾರನೆಯ ಮನೆಗೆ ನನ್ನ ವಾಕ್ಯ "ತಂದೆಯ ಜೊತೆ ಕಳಿಸಿ" ಎಂದು ನಿಂತಿತ್ತು.

ನಮ್ಮ ಭಾಷೆ ಬೇಡ ಎನ್ನುವುದನ್ನು ಕೊನೆಗೆ ಹೇಳುತ್ತದೆ. ಕವಿತೆ ಓದುವವರು ಸಾಲಿನ ಕಡೆಯ ಪದದವರೆಗೂ ಕಾಯುವುದು ಅದಕ್ಕೇ. ಅಲ್ಲಿಯವರೆಗೆ ಏನು ಬೇಕಾದರೂ ಆಗಬಹುದು. ಇಷ್ಟು ಸಣ್ಣ ಸಂಗತಿ ನಿಮ್ಮ ಇಡೀ ಇಲಾಖೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಯಾವ ವಾಕ್ಯ ಹಾಕಿ ಪರೀಕ್ಷಿಸಿದ್ದಿರಿ, "ಸುಸ್ವಾಗತ" ಎಂದೇ? ನಾನು ಒರಟಾಗಿ "ಕಳಿಸಬೇಡಿ" ಎಂದಿದ್ದರೆ ಅದು "ಕಳಿಸಬ" ಎಂದು ಅರ್ಥಗೆಟ್ಟು ನಿಲ್ಲುತ್ತಿತ್ತು. ಓದಿದವರು ಇದೇನೆಂದು ಯಾರನ್ನಾದರೂ ಕೇಳುತ್ತಿದ್ದರು. "ಕೊಡ" ಸೇರಿಸಿ ಮಾತಿಗೆ ಮರ್ಯಾದೆ ತಂದವಳು ನಾನು. ಎಷ್ಟೋ ಸಲ ಆ ಎರಡಕ್ಷರವನ್ನು ಮನಸ್ಸಿನಲ್ಲೇ ಹೊಡೆದು ಹಾಕಿದ್ದೇನೆ. ನನ್ನ ಪಾಲಿನ ತಪ್ಪು ಅದು, ಒಪ್ಪಿಕೊಂಡೆ. ನಿಮ್ಮ ಪಾಲಿನದನ್ನು ಒಪ್ಪಿಕೊಳ್ಳಲು ನಿಮಗೆ ಎಷ್ಟು ಮನೆ ಬೇಕಾದೀತು?

ಗೇಟಿನ ಕಾವಲುಗಾರ ಮರುದಿನ ನನ್ನ ಮುಂದೆ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ. "ಮಗು ಹೋಗಲ್ಲ ಅಂತ ನನ್ನ ಅಂಗಿ ಹಿಡ್ಕೊಂಡಿತ್ತು ಅಕ್ಕಾ. ಅಪ್ಪನ ಮೇಲೆ ಏನೋ ಮುನಿಸಿರಬೇಕು ಅಂದ್ಕೊಂಡು ನಾನೇ ಬೆರಳು ಬಿಡಿಸ್ದೆ. ಪರದೆ ಮೇಲೆ ಅಷ್ಟು ಸ್ಪಷ್ಟವಾಗಿ ಬರೆದಿತ್ತಲ್ಲ." ನಾಲ್ಕು ಗಂಟೆಗಳ ನಂತರ ಪೊಲೀಸರು ಅವಳನ್ನು ದೂರದ ಬಸ್ ನಿಲ್ದಾಣವೊಂದರಲ್ಲಿ ಪತ್ತೆ ಮಾಡಿದರು. ಮೈಮೇಲೆ ಒಂದು ಗೀರೂ ಇರಲಿಲ್ಲ ಎಂದು ಎಲ್ಲರೂ ನಮಗೆ ಸಮಾಧಾನ ಹೇಳಿದರು. ನಮ್ಮ ಮನೆಯಲ್ಲಿ ಅವಳ ಹೆಸರು ಪಿಟಿಪಿಟಿ, ಬಾಯಿಗೆ ಬಿಡುವೇ ಇಲ್ಲದ ಹುಡುಗಿ. ಮೂರು ದಿನ ಅವಳು ಮಾತಾಡಲಿಲ್ಲ. ಅದು ಯಾವ ವರದಿಯಲ್ಲೂ ಬಂದಿಲ್ಲ. ಕಾವಲುಗಾರನನ್ನು ಕೆಲಸದಿಂದ ತೆಗೆದರು. ಶಾಲೆ, ಇಲಾಖೆಗಳ ಕಡೆ ಯಾರ ಮೇಲಾದರೂ ಕ್ರಮ ಆಗಿದ್ದರೆ ಅದೊಂದೇ. ಮಗುವನ್ನು ಕರೆದೊಯ್ದವನು ಜಾಮೀನು ಪಡೆದು ಹೊರಗಿದ್ದಾನೆ.

ಆಮೇಲೆ ನಾನು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ, ಸಭೆಯ ವಿಷಯ ಸುರಕ್ಷತೆ ಎಂದು ಬಾಗಿಲಿಗೆ ಅಂಟಿಸಿತ್ತು. ನಿಮ್ಮ ತಾಂತ್ರಿಕ ಅಧಿಕಾರಿ, ನನ್ನ ಅರ್ಧ ವಯಸ್ಸಿನವರು, ಕುರ್ಚಿ ಎಳೆದುಕೊಟ್ಟರು.

"ಡೇಟಾ ಸೇಫಾಗೇ ಹೋಗಿದೆ ಮೇಡಂ. ದಾರಿಯಲ್ಲಿ ಒಬ್ಬರೂ ಮುಟ್ಟೋಕಾಗಲ್ಲ, ಅಷ್ಟು ಭದ್ರ."

"ಐದಕ್ಷರ ಉದುರಿ ಹೋಗಿದೆಯಲ್ಲಪ್ಪ."

"ಅದು ಸುರಕ್ಷತೆ ಸಮಸ್ಯೆ ಅಲ್ಲ, ಉದ್ದದ ಸಮಸ್ಯೆ. ಅದಕ್ಕೆ ಬೇರೆ ಅರ್ಜಿ ಇದೆ."

"ಸರಿ. ಅವಳು ಯಾವ ಶಾಲೆಗೆ ಸೇರಿದಾಳೆ ಅಂತ ಅವನಿಗೆ ಗೊತ್ತಾಗಿದ್ದಾದ್ರೂ ಹೇಗೆ?"

ಅವರು ಪರದೆ ನೋಡಿದರು. ಉತ್ತರ ಸಿಕ್ಕ ಖುಷಿಯಲ್ಲೇ ಹೇಳಿದರು: "ನಾವೇ ತಿಳಿಸಿದೀವಿ."

ಕೇಳಿದಿರಲ್ಲ, ನಿರ್ದೇಶಕರೇ? ಹಳೆಯ ಶಾಲೆಯ ಕಡತದಲ್ಲಿ ತಂದೆಯ ಮೊಬೈಲ್ ಸಂಖ್ಯೆ ಇತ್ತು. ಮಗು ಹೊಸ ಶಾಲೆಗೆ ಸೇರಿದ ದಿನವೇ ನಿಮ್ಮ ವ್ಯವಸ್ಥೆ ಅವನಿಗೆ ಅಭಿನಂದನೆ ಕಳಿಸಿದೆ: ಶಾಲೆಯ ವಿಳಾಸ, ಶಾಲೆ ಬಿಡುವ ಹೊತ್ತು, ಯಾವ ಗೇಟು, ಎಲ್ಲ ಸಮೇತ. ಆ ಸಂದೇಶಕ್ಕೆ ಹದಿನಾರರ ಮಿತಿ ಇರಲಿಲ್ಲ. ಮಗುವನ್ನು ಕಾಯಬೇಕಾದ ಮಾತು ಅರ್ಧಕ್ಕೆ ನಿಂತಿತು, ಅಡಗಿಸಬೇಕಾದದ್ದು ಅಕ್ಷರವೂ ತಪ್ಪದೆ ತಲುಪಿತು. ಇದನ್ನು ಸುರಕ್ಷಿತ ಹಂಚಿಕೆ ಎಂದು ಕರೆಯುವ ಎದೆಗಾರಿಕೆ ನಿಮಗೆ ಎಲ್ಲಿಂದ ಬಂತು?

ಆ ಸಂಖ್ಯೆಯನ್ನು ತೆಗೆಸಲು ಹೊರಟೆ. ಹೊಸ ಶಾಲೆಯವರು ಅದು ತಮ್ಮದಲ್ಲ, ಹಳೆಯ ಶಾಲೆಯಿಂದ ಬಂದದ್ದು ಎಂದರು. ಹಳೆಯ ಶಾಲೆಯವರು ವರ್ಗಾವಣೆಯಾದ ಮೇಲೆ ಕಡತಕ್ಕೆ ಬೀಗ ಬೀಳುತ್ತದೆ, ಬೀಗದ ಕೈ ನಿಮ್ಮ ಕಚೇರಿಯಲ್ಲಿದೆ ಎಂದರು. ನಿಮ್ಮ ಕಚೇರಿ ನನ್ನನ್ನು ಮತ್ತೆ ಹೊಸ ಶಾಲೆಗೆ ಅಟ್ಟಿತು. ಈ ಸುತ್ತು ಮೂರು ಸಲ ಸುತ್ತಿದ್ದೇನೆ. ನ್ಯಾಯಾಲಯದ ಆದೇಶ ತೋರಿಸಿದರೆ, "ಅದನ್ನ ಅಪ್‌ಲೋಡ್ ಮಾಡೋಕೆ ಜಾಗ ಇಲ್ವಲ್ಲ ಮೇಡಂ" ಎಂಬ ಉತ್ತರ ಬಂತು.

ಈಗ ನಾವು ಮತ್ತೆ ಮನೆ ಬದಲಿಸಿದ್ದೇವೆ. ಮೂರನೆಯ ಶಾಲೆಯೊಂದನ್ನು ನೋಡಿಟ್ಟಿದ್ದೇವೆ. ಆದರೆ ಸೇರಿಸಿದ ಮರುಗಳಿಗೆಯಲ್ಲಿ ನಿಮ್ಮ ಅಭಿನಂದನೆ ಅವನಿಗೆ ಹೋಗುತ್ತದೆ. ಹಾಗಾಗಿ ಕರಡು ತಿದ್ದುವ ಕೆಲಸವನ್ನು ನಾನು ಮನೆಗೇ ತರಿಸಿಕೊಂಡಿದ್ದೇನೆ; ಪಿಟಿಪಿಟಿ ನನ್ನ ಮೇಜಿನ ಮೂಲೆಯಲ್ಲಿ ಕೂತು, ಹಳೆಯ ಕರಡು ಹಾಳೆಗಳ ಬೆನ್ನ ಮೇಲೆ ಭಾಗಾಕಾರ ಮಾಡುತ್ತಾಳೆ. ಮೊನ್ನೆ ತಲೆಯೆತ್ತಿ ಕೇಳಿದಳು:

"ದೊಡ್ಡಮ್ಮ, ನಾನೀಗ ಯಾವ ಶಾಲೆ?"

"ಸದ್ಯಕ್ಕೆ ನನ್ನ ಶಾಲೆ ಕಣೇ."

"ನಿಂಗೆ ಭಾಗಾಕಾರನೇ ಬರಲ್ಲ."

ನಿಜ, ಬರುವುದಿಲ್ಲ. ಅಷ್ಟರಲ್ಲಿ ನಿಮ್ಮ ಹಾಜರಾತಿ ತಂತ್ರಾಂಶ ಮಾತ್ರ ಚಾಚೂ ತಪ್ಪದೆ ದುಡಿಯುತ್ತಿದೆ. ದಿನಾ ಬೆಳಗ್ಗೆ ಒಂಬತ್ತೂವರೆಗೆ "ನಿಮ್ಮ ಮಗು ಇಂದು ಹಾಜರಿಲ್ಲ" ಎಂಬ ಸಂದೇಶ ಬರುತ್ತದೆ. ಹೆತ್ತವರಿಬ್ಬರಿಗೂ ಬರುತ್ತದೆ. ಅವಳಿನ್ನೂ ಎಲ್ಲಿಯೂ ಸೇರಿಲ್ಲವೆಂದು ಅವನಿಗೆ ನಾವಲ್ಲ, ನೀವು ದಿನವೂ ವರದಿ ಒಪ್ಪಿಸುತ್ತಿದ್ದೀರಿ.

ನನಗೆ ಹೊಸ ನೀತಿ ಬೇಡ, ಸಮಿತಿಯೂ ಬೇಡ. ಆ ಒಂದು ಮೊಬೈಲ್ ಸಂಖ್ಯೆಯನ್ನು ನಿಮ್ಮ ಎಲ್ಲ ತಂತ್ರಾಂಶಗಳಿಂದ ಅಳಿಸಿ. ಅಳಿಸಿದ್ದೇವೆಂದು ಕಾಗದದ ಮೇಲೆ ಬರೆದು, ಹೊಣೆ ಹೊರುವ ಒಬ್ಬ ಮನುಷ್ಯ ಸಹಿ ಹಾಕಿ ಕೊಡಲಿ. ಆ ಮನುಷ್ಯ ನೀವೇ ಆದರೆ ಒಳ್ಳೆಯದು. ಕಾಗದ ಕೈಸೇರಿದ ಮರುದಿನ ಬೆಳಗ್ಗೆ ಅವಳ ಕೈ ಹಿಡಿದು ಶಾಲೆಗೆ ಬಿಟ್ಟು ಬರುತ್ತೇನೆ. ಉತ್ತರವನ್ನು ಈ ಬಹಿರಂಗ ಪತ್ರ ಅಚ್ಚಾಗಿರುವ ಪತ್ರಿಕೆಯ ವಿಳಾಸಕ್ಕೇ ಕಳಿಸಿ. ನಮ್ಮ ಹೊಸ ಮನೆ ಎಲ್ಲಿದೆಯೆಂದು ನಿಮಗೆ ಗೊತ್ತಾಗುವುದು ಬೇಡ.

ಇಂತಿ,
ವಿಶ್ವಾಸಿ ಎಂದು ಬರೆಯಲು ಮನಸ್ಸೊಪ್ಪದ,
ಆ ಹುಡುಗಿಯ ದೊಡ್ಡಮ್ಮ