ಹತ್ತಿಗೆ ತಿನ್ನಿಸಿದ ಬಿಸ್ಕತ್ತು

ಮಂಗಳವಾರ, ಮಧ್ಯಾಹ್ನ

ನನ್ನ ಮಗಳ ಅಪ್ಪನಿಗೆ,

ನಮ್ಮ ಮೊಲ ಹತ್ತಿ ನಿನ್ನೆ ಸತ್ತಿತು. "ಹೋಗ್ಲಿ ಬಿಡು, ಇನ್ನೊಂದು ತಂದ್ಕೊಡ್ತೀನಿ" ಎಂದು ಫೋನಿನಲ್ಲಿ ಮಗಳಿಗೆ ಹೇಳಿದಿರಂತೆ. ತರಬೇಡಿ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನನ್ನ ದನಿ ಏರುತ್ತದೆ, ನೀವು ಇಟ್ಟುಬಿಡುತ್ತೀರಿ.

ನಾವು ಬೇರೆಯಾದ ಮೇಲೆ ಪ್ರತಿ ಶನಿವಾರ ಮಗಳ ಜೊತೆ ಹತ್ತಿಯನ್ನೂ ಬುಟ್ಟಿಯಲ್ಲಿಟ್ಟು ನಿಮ್ಮಲ್ಲಿಗೆ ಕಳಿಸುತ್ತಿದ್ದೆ. ಹೊಟ್ಟೆ ತುಂಬ ಒಣಹುಲ್ಲು, ಜೊತೆಗೆ ಒಂದಿಷ್ಟು ಕೊತ್ತಂಬರಿ. ಬಾಯಿರುಚಿಗೆ ಬೀಜ ತೆಗೆದ ಸೇಬಿನ ಚೂರು, ಹೆಬ್ಬೆರಳಿನ ಉಗುರಿನಷ್ಟು, ಅದೂ ಅಪರೂಪಕ್ಕೆ. ಬಿಸ್ಕತ್ತು, ಬ್ರೆಡ್ಡು, ಚಾಕೊಲೇಟು ಮುಟ್ಟಿಸಲೇಬೇಡಿ ಎಂದು ಬಾಗಿಲಲ್ಲಿ ನಿಂತು ಹೇಳಿದ್ದೆ. ನೀವು ನಕ್ಕಿರಿ. "ಮೊಲಕ್ಕೂ ಪಥ್ಯನಾ? ನಿನ್ನ ಕೈಗೆ ಸಿಕ್ಕೋರಿಗೆ ಬಾಯಿರುಚಿ ಅನ್ನೋದೇ ಇಲ್ಲ ಬಿಡು."

ನೀವು ಕ್ರೀಮ್ ಬಿಸ್ಕತ್ತಿನ ಪೊಟ್ಟಣ ಅಲ್ಲಾಡಿಸಿದರೆ ಸಾಕು, ಮಂಚದಡಿಯಿಂದ ಓಡಿಬರುತ್ತಿತ್ತಂತೆ. ಇಲ್ಲಿಗೆ ಬಂದರೆ ಹುಲ್ಲಿಗೆ ಬೆನ್ನು ತಿರುಗಿಸಿ ಕೂರುತ್ತಿತ್ತು. ಮಗಳೂ ಅಷ್ಟೇ, ತಟ್ಟೆ ತಳ್ಳುತ್ತಿದ್ದಳು. ವಾರವಿಡೀ ಬೇಡ ಅನ್ನುವವಳು ನಾನು, ರಜೆಯಲ್ಲಿ ತಗೋ ಅನ್ನುವವರು ನೀವು. ಒಳ್ಳೆಯವರಾಗುವುದು ನಿಮಗೆ ಎಷ್ಟು ಸಲೀಸು!

ಭಾನುವಾರ ಸಂಜೆ ವಾಪಸು ಬಂದಾಗ ಹತ್ತಿ ಮುದುಡಿ ಕೂತಿತ್ತು. ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ. ಬೆಳಗಾಗುವಷ್ಟರಲ್ಲಿ ಹೊಟ್ಟೆ ಕಲ್ಲಾಗಿತ್ತು. ಕೆಲಸದ ಕನ್ನಡಕದಂಗಡಿಗೆ ರಜೆ ಹೇಳಿ, ಮಗಳನ್ನೂ ಕರೆದುಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, "ಸಿಹಿ ಏನಾದ್ರೂ ಕೊಟ್ರಾ? ಕರುಳು ಕೆಲಸಾನೇ ಮಾಡ್ತಿಲ್ಲ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಗಳು, "ನಾನೇ ಕದ್ದು ಬಿಸ್ಕತ್ತು ಕೊಟ್ಟೆ. ಅಪ್ಪಂಗೆ ಗೊತ್ತೇ ಇಲ್ಲ" ಎಂದಳು. ಮಧ್ಯಾಹ್ನ ಅವಳ ಮಡಿಲಲ್ಲೇ ಹತ್ತಿಯ ಉಸಿರು ನಿಂತಿತು.

ಅವಳು ಹೇಳಿದ್ದು ಸುಳ್ಳು. ಶನಿವಾರ ನೀವೇ ಹೆಮ್ಮೆಯಿಂದ ಕಳಿಸಿದ ಫೋಟೊದಲ್ಲಿ ಬಿಸ್ಕತ್ತು ಹಿಡಿದಿರುವುದು ನಿಮ್ಮ ಕೈ. ಎಂಟು ವರ್ಷದ ಮಗು ನಿಮ್ಮ ತಪ್ಪು ಹೊತ್ತುಕೊಂಡು ಊಟ ಬಿಟ್ಟು ಮಲಗಿದೆ. ಬಂದು ಅವಳೆದುರು "ಕೊಟ್ಟಿದ್ದು ನಾನು" ಎಂದುಬಿಡಿ. ನಾನು ಕೇಳುವುದು ಅಷ್ಟೇ.

ಇಂತಿ,
ಅವಳ ಅಮ್ಮ

ತಾ.ಕ.: ಲಕೋಟೆ ಅಂಟಿಸುವಾಗ ಅವಳು ಎದ್ದು ಬಂದಳು. ಯಾಕೆ ಸುಳ್ಳು ಹೇಳಿದೆ ಪುಟ್ಟಿ ಎಂದೆ. "ಭಾನುವಾರ ಬುಟ್ಟಿ ಕೊಡುವಾಗ ಅಪ್ಪಾನೇ ಹೇಳ್ಕೊಟ್ರು. ಅಮ್ಮ ಕೇಳಿದ್ರೆ ನಾನೇ ಕೊಟ್ಟೆ ಅನ್ನು, ನಿನ್ನನ್ನಾದ್ರೆ ಬಯ್ಯಲ್ಲ ಅಂದ್ರು." ಶನಿವಾರ ಹೆಮ್ಮೆಯಿಂದ ಫೋಟೊ ಕಳಿಸಿದವರು ಭಾನುವಾರ ಸುಳ್ಳು ಹೇಳಿಕೊಟ್ಟಿರಿ ಅಂದರೆ, ಹತ್ತಿಗೆ ಹುಷಾರಿಲ್ಲವೆಂದು ನಿಮಗೆ ಆಗಲೇ ಗೊತ್ತಿತ್ತು. ಬನ್ನಿ ಎಂದು ಬರೆದೆನಲ್ಲ, ಬರಬೇಡಿ.