ಶಾಲೆಯ ಸಲಿಕೆಯಿಂದ ತೋಡಿದ ಕುಣಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಏಳನೇ ಇಯತ್ತೆಯ ನನ್ನ ಮಗಳು ಪ್ರಿಯದರ್ಶಿನಿ ಒಂದು ಪ್ರಶ್ನೆ ಕೇಳಿದ ತಪ್ಪಿಗೆ, ನಿಮ್ಮ ಅಪ್ಪಣೆಯಂತೆ, ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯ ಮುಂದೆ ಕೈಮುಗಿದು ಕ್ಷಮೆ ಕೇಳಿದಳು. ಆಕೆಯ ತಪ್ಪೇನೆಂದು ಆಕೆಗೂ ತಿಳಿದಿಲ್ಲ, ನನಗೂ ತಿಳಿದಿಲ್ಲ. ತಮಗೆ ತಿಳಿದಿದ್ದರೆ ನಾಲ್ಕು ಜನ ಓದುವ ಈ ಪತ್ರಿಕೆಯಲ್ಲೇ ಹೇಳಿಬಿಡಿ.

ಆಗಸ್ಟಿನ ಸೂರ್ಯಗ್ರಹಣ ನೆನಪಿದೆಯಲ್ಲ? ಕಾಲಲ್ಲಿ ಬಲವಿಲ್ಲದ ಮಕ್ಕಳನ್ನು ಗ್ರಹಣ ಹಿಡಿದಾಗ ಕುತ್ತಿಗೆಯವರೆಗೆ ಮಣ್ಣಲ್ಲಿ ಹೂಳುವ ಪದ್ಧತಿ ನಮ್ಮ ಕಡೆ ಇದೆ. ಗ್ರಹಣ ಬಿಟ್ಟ ಮೇಲೆ ಎದ್ದು ನಡೆಯುತ್ತಾರೆಂದು ನಂಬಿಕೆ. ನೆರೆಮನೆಯ ಬಾಳಮ್ಮನ ಮೊಮ್ಮಗಳು ಭಾಗ್ಯಜ್ಯೋತಿಗೆ ಪೋಲಿಯೋ. ನಾಲ್ಕು ವರ್ಷದ ಕೂಸು, ನನ್ನ ಮಗಳ ಬಗಲಲ್ಲೇ ಬೆಳೆದದ್ದು. ಸಿಂದಗಿ, ವಿಜಾಪುರದ ದವಾಖಾನೆಗಳನ್ನೆಲ್ಲ ಸುತ್ತಿ ಸೋತ ಬಾಳಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಓದಿದವರನ್ನು ಒಂದು ಮಾತು ಕೇಳೋಣವೆಂದು ಪಾಪ, ಆಕೆ ಶಾಲೆಗೇ ಹೋದಳು. ಓದಿದವರು ಏನು ಕೊಟ್ಟರು? ಸಲಿಕೆ ಕೊಟ್ಟರು! ಶಾಲೆಯ ತೋಟದ ಮಣ್ಣು ಮೆತ್ತಗಿದೆ, ಅಲ್ಲೇ ತೋಡಿಸೋಣ ಎಂದರು. ಕಾರ್ಯಾನುಭವದ ಪಿರಿಯಡ್ಡಿನಲ್ಲಿ ಏಳನೇ ಇಯತ್ತೆಯ ಮಕ್ಕಳೇ ಕುಣಿ ತೋಡಿದರು. ಮೇಲ್ವಿಚಾರಣೆ ವಿಜ್ಞಾನದ ಮಾಸ್ತರರದು. ವಾರದ ಹಿಂದಷ್ಟೇ ಚೆಂಡು, ಲಿಂಬೆಹಣ್ಣು, ಬ್ಯಾಟರಿ ಹಿಡಿದು ಗ್ರಹಣದ ಪಾಠ ಮಾಡಿದ ಅದೇ ಮಹಾನುಭಾವರು.

ಕುಣಿಯೊಳಗಿಂದ ಕೂಸು "ಅಕ್ಕಾ, ತಗೀ, ತಗೀ" ಎಂದು ಚೀರುತ್ತಿದ್ದರೆ, ಓಡಿಹೋದ ನನ್ನ ಮಗಳ ರಟ್ಟೆ ಹಿಡಿದು ಮಾಸ್ತರರು ನಿಲ್ಲಿಸಿದರು. ಗ್ರಹಣ ಬಿಟ್ಟಿತು. ಕಾಲು ಬರಲಿಲ್ಲ, ಜ್ವರ ಬಂತು. ಈಗ ಆ ಕೂಸು ನನ್ನ ಮಗಳನ್ನು ಕಂಡರೆ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತದೆ.

ಮರುದಿನ ತರಗತಿಯಲ್ಲಿ ಮಗಳು ಎದ್ದು ನಿಂತು ಕೇಳಿದಳು: "ಸರ್, ಗ್ರಹಣಂದ್ರ ನೆರಳು ಅಂತ ನೀವ ಹೇಳಿಕೊಟ್ಟೀರಿ. ನೆರಳಿನಿಂದ ಕಾಲಿಗೆ ಬಲ ಹೆಂಗ ಬರ್ತೈತ್ರಿ?"

"ಅದು ಪಾಠ, ಇದು ಪದ್ಧತಿ. ಸುಮ್ಮ ಕುಂದರು."

"ಹಂಗಾದ್ರ ಎರಡರಾಗ ಖರೇ ಯಾವುದ್ರಿ?"

ಇಷ್ಟೇ. ಗುರುನಿಂದನೆ, ಶಿಸ್ತುಭಂಗ, ಧಾರ್ಮಿಕ ಭಾವನೆಗೆ ಧಕ್ಕೆ ಎಂದು ಮುಖ್ಯಗುರುಗಳು ತಮಗೆ ದೂರು ಕೊಟ್ಟರು. ಅಬ್ಬಾ, ಹನ್ನೆರಡು ವರ್ಷದ ಹುಡುಗಿಗೆ ಎಷ್ಟೊಂದು ಶಕ್ತಿ!

ನಾನು ಕಚೇರಿಗೆ ಬಂದಾಗ ತಾವು ನಗುತ್ತಲೇ ಹೇಳಿದಿರಿ: "ನೋಡ್ರಿ ಅಕ್ಕಾರ, ಹುಡುಗಿ ಶಾಣ್ಯಾಕಿ ಅದಾಳ, ಇಲ್ಲನ್ನೂದಿಲ್ಲ. ಆದ್ರ ಹೆಣ್ಣುಮಕ್ಕಳಿಗೆ ಇಷ್ಟು ಬಾಯಿ ಬ್ಯಾಡ. ವಿಜ್ಞಾನ ಪ್ರದರ್ಶನಕ್ಕ ಜ್ವಾಲಾಮುಖಿ ಮಾಡಸ್ರಿ. ಚೊಲೋ ಹೊಗಿ ಬರ್ತೈತಿ."

ಹೊಗೆ ಬರುವುದೇ ವಿಜ್ಞಾನವಾದರೆ ನಮ್ಮ ಒಲೆಗಳಿಗೂ ಬಹುಮಾನ ಕೊಡಿ ಸ್ವಾಮಿ. ನಾನೂ ದಿನಾ ದೇವರಿಗೆ ದೀಪ ಹಚ್ಚುವವಳೇ, ನನ್ನ ಜಗಳ ದೇವರ ಜೊತೆಗಲ್ಲ. ಮನೆಯಲ್ಲಿ ಹಿರಿಯರು ಹೇಳಿದ್ದನ್ನು ಮಕ್ಕಳು ಕೇಳುತ್ತಾರೆ, ಗುಡಿಯಲ್ಲಿ ಪೂಜಾರಿ ಹೇಳಿದ್ದನ್ನು ಕೇಳುತ್ತಾರೆ. "ಅದು ನಿಮಗೆ ಹೇಗೆ ಗೊತ್ತು?" ಎಂದು ಹೆದರದೆ ಕೇಳಲು ಅವಕ್ಕೆ ಒಂದು ಜಾಗ ಬೇಡವೇ? ಅದಕ್ಕೂ ಶಾಲೆ ಆಗುವುದಿಲ್ಲವೆಂದರೆ ಅಷ್ಟು ದೊಡ್ಡ ಕಟ್ಟಡವೇಕೆ, ಮಾಸ್ತರರೇಕೆ, ತಾವೇಕೆ?

ಮೊನ್ನೆ ಮಧ್ಯವಾರ್ಷಿಕ ಪರೀಕ್ಷೆಗೆ ಓದಿಸುತ್ತ, ಗ್ರಹಣ ಹೇಗೆ ಆಗುತ್ತದೆ ಎಂದು ಕೇಳಿದೆ. ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ. "ಪರೀಕ್ಷ್ಯಾಗ ನೆರಳು ಅಂತ ಬರೀತೇನಿ. ಯಾರರ ಕೇಳಿದ್ರ ರಾಹು ಅಂತೇನಿ. ಹಂಗಂದ್ರ ಯಾರೂ ಬೈಯಂಗಿಲ್ಲಬೇ." ಆಕೆಗೆ ಈ ಸಲ ಪೂರ್ತಿ ಅಂಕ ಬರುತ್ತವೆ, ಸಂಶಯವಿಲ್ಲ. ತಮ್ಮ ಇಲಾಖೆ ಗೆದ್ದಿದೆ.

ನನ್ನ ಬೇಡಿಕೆ ಒಂದೇ. ಪ್ರಾರ್ಥನೆಯ ಹೊತ್ತಿಗೆ ಶಾಲೆಗೆ ಬನ್ನಿ. ಆಕೆ ಕೈಮುಗಿದು ನಿಂತ ಕಟ್ಟೆಯ ಮೇಲೆ ತಾವು ನಿಂತು, ಅದೇ ಪ್ರಶ್ನೆಯನ್ನು ಎಲ್ಲ ಮಕ್ಕಳೆದುರು ಆಕೆಯಿಂದಲೇ ಮತ್ತೆ ಕೇಳಿಸಿ, ಉತ್ತರ ಕೊಡಿ. ಗೊತ್ತಿಲ್ಲವೆಂದರೆ ಗೊತ್ತಿಲ್ಲ ಎನ್ನಿ, ಮಕ್ಕಳು ಕ್ಷಮಿಸುತ್ತಾರೆ. ಆದರೆ ಬೇಗ ಬನ್ನಿ. ತಾವು ಬರುವ ಹೊತ್ತಿಗೆ ಆಕೆಗೆ ಕೇಳುವ ಮನಸ್ಸು ಉಳಿದಿರಬೇಕಲ್ಲ.

ಇಂತಿ,
ಮಗಳಿಗೆ ಬಾಯಿ ಮುಚ್ಚು ಎನ್ನಲಾರದ, ತೆರೆ ಎನ್ನಲು ಈಗ ಹೆದರುವ ತಾಯಿ,
ವಿಜಯಲಕ್ಷ್ಮಿ