ಗಂಡಭೇರುಂಡದ ಹಿಂದಿನ ಸೀಟು

ನವನಗರ, ಹುಬ್ಬಳ್ಳಿ
೯ ನವೆಂಬರ್ ೨೦೨೫

ಚಿರಂಜೀವಿ ತಮ್ಮ ಬಸವಪ್ರಭುವಿಗೆ,

ಅಕ್ಕನ ಆಶೀರ್ವಾದ. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ. ಉತ್ತರ ತಡವಾದದ್ದಕ್ಕೆ ಬೇಜಾರಾಗಬೇಡ. ಫೋನಿನಲ್ಲಾದರೆ ನಾನು ಬೈಯುತ್ತೇನೆ, ನೀನು ಅಳುತ್ತೀ, ಮಾತು ಅಲ್ಲಿಗೇ ಮುಗಿಯುತ್ತದೆ.

ದೇಶಪಾಂಡೆ ನಗರದಲ್ಲಿ ನಿನಗೆ ಸನ್ಮಾನವಂತೆ. ಆಗಲಿ. ನೆಲದಿಂದ ಎಷ್ಟು ಗುಂಡು ಬಿದ್ದರೂ ಪೈಲಟನನ್ನು ಜೀವಂತ ಮರಳಿ ತರುವ ಯುದ್ಧವಿಮಾನ ‘ಗಂಡಭೇರುಂಡ’ ಮಾಡಿದವನು ನೀನು. ಮುತ್ತುವಿನ ತಾಯಿ ಎಂದು ನಾನೂ ವೇದಿಕೆಯ ಮೇಲೆ ಕೂರಬೇಕೆಂದು ಬರೆದಿದ್ದೀ.

ಕಳೆದ ವಾರ ಅಯಾಜ ಬಂದಿದ್ದ. ಮುತ್ತು ಹೋದ ದಿನ ವಿಮಾನ ನಡೆಸಿದವನು ಅವನೇ. ನನ್ನ ಮುತ್ತು ಅವನ ಹಿಂದಿನ ಸೀಟಿನಲ್ಲಿದ್ದ. ಚಹಾ ಕೊಟ್ಟರೆ ಮುಟ್ಟಲಿಲ್ಲ. “ಅವ್ವಾ, ನನ್ನ ಸುತ್ತ ಗುಂಡು ತಡಿಯೂ ದಪ್ಪ ಉಕ್ಕಿನ ಕೊಪ್ಪರಗಿ ಇತ್ರಿ. ಮುತ್ತೂನ ಸುತ್ತ ಬರೇ ತಗಡು,” ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಊಟ ಮಾಡಿಸಿಯೇ ಕಳಿಸಿದೆ.

ಆ ಕೊಪ್ಪರಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಸಣ್ಣವನಿದ್ದಾಗ ನೀನು ಅಜ್ಜನ ಬೆಲ್ಲದ ಕೊಪ್ಪರಿಗೆಯೊಳಗೆ ಕೂತು, “ಈಗ ಹೊಡಿ ನೋಡೂಣು” ಎಂದು ನನ್ನನ್ನು ಕೆಣಕುತ್ತಿದ್ದೆ. ಹಿಂದಿನ ಸೀಟಿಗೂ ಯಾಕೆ ಹಾಕಲಿಲ್ಲವೆಂದು ಮಣ್ಣು ಮಾಡಿ ಬಂದ ದಿನ ಕೇಳಿದರೆ, “ಭಾರ ಆಗ್ತಿತ್ತಕ್ಕಾ” ಅಂದೆ. ಎರಡು ತಲೆಯ ಹಕ್ಕಿಯ ಹೆಸರಿಟ್ಟು ಒಂದೇ ತಲೆ ಕಾಯ್ದೆಯಲ್ಲೋ. ಭಾರವಾದದ್ದು ನನ್ನ ಮಗನೇ ಏನು?

ವಿಮಾನಕ್ಕೆ ಗುಂಡು ಬಿದ್ದ ದಿನ ಎಲ್ಲರಿಗಿಂತ ಮೊದಲು ಫೋನ್ ಮಾಡಿದವನು ನೀನು. “ಅಕ್ಕಾ, ವಿಮಾನಕ್ಕ ಗುಂಡು ಹತ್ಯಾವು. ಆದ್ರ ಪೈಲಟ್ ಉಳದಾನ. ನಾ ಮಾಡಿದ್ದು ಖರೇ ಆತು,” ಎಂದು ನಗುತ್ತ ಹೇಳಿ ಫೋನ್ ಇಟ್ಟೆ. ನಮ್ಮ ಓಣಿಯಲ್ಲಿ ಮುತ್ತುವನ್ನು ಹೆಸರು ಹಿಡಿದು ಕರೆದವರು ಯಾರು? ದ್ಯಾಮಣ್ಣ ಕಾಕಾನಿಂದ ಹಾಲಿನವನವರೆಗೆ, “ಪೈಲಟ್ ಯಾವಾಗ ಬರ್ತಾನ್ರಿ?” ಎಂದೇ ಕೇಳುತ್ತಿದ್ದರು. ಉಳಿದವನು ಮುತ್ತುವೇ ಎಂದುಕೊಂಡು ನಾನು ಪೇಢೆ ತಂದು ಮನೆಮನೆಗೆ ಹಂಚಿದೆ. ಸಂಜೆ ಅಧಿಕಾರಿಗಳು ಬಂದು ಸುದ್ದಿ ಹೇಳಿದಾಗ ಕಾಕಾ ಅರ್ಧ ಪೇಢೆ ಕೈಯಲ್ಲಿ ಹಿಡಿದು ನಮ್ಮ ಕಟ್ಟೆಯ ಮೇಲೇ ಕೂತಿದ್ದ.

ಸನ್ಮಾನಕ್ಕೆ ನಾನು ಬರುವುದಿಲ್ಲ. ನೀನು ಶಾಲು ಹೊದ್ದುಕೊಂಡು ಹೋಗು. ನಿನ್ನ ಮಕ್ಕಳು ನೂರು ವರ್ಷ ಬಾಳಲಿ. ಇದನ್ನು ಮನಸಾರೆ ಬರೆಯುತ್ತಿದ್ದೇನೆ, ಅವರದೇನು ತಪ್ಪು.

ನಿನ್ನ ಅಕ್ಕ,
ಆರತಿ

ತಾ.ಕ.: ನಿನ್ನ ಬಾಯಲ್ಲಿ ಪೈಲಟ್ ಎಂದರೆ ಮುಂದಿನ ಸೀಟಿನವನು. ಹಿಂದೆ ಕೂತವನು ಯಾರೆಂದೂ ನಿನಗೆ ಗೊತ್ತಿತ್ತು. ಅವನೇನಾದನೆಂದು ವಿಚಾರಿಸುವ ಮೊದಲೇ ನನಗೆ ಫೋನ್ ಮಾಡಿದೆ. ಅದನ್ನೂ ನುಂಗಿಕೊಂಡೇನು. ಆದರೆ ಓಣಿಗೆಲ್ಲ ಹಂಚಿ ಉಳಿದ ಒಂದು ಪೇಢೆಯನ್ನು ದೇವರ ಮುಂದಿಟ್ಟು ನಾನೇ ತಿಂದೆ. ಮಗ ಆಗಲೇ ಸತ್ತಿದ್ದ. ಅವನ ಸಾವಿಗೆ ಸಿಹಿ ತಿಂದವಳನ್ನು ಯಾವ ವೇದಿಕೆಯ ಮೇಲೆ ಕೂರಿಸುತ್ತೀಯೋ ತಮ್ಮಾ?